ಸಂದೇಹಪಡುವ ಜಿಜ್ಞಾಸುವಿಗೆ ಯೆಹೂದ್ಯ ಧರ್ಮದ ಮೊದಲ ಪಾಠ

(ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಧುಪದಾಳದಲ್ಲಿ ಜರುಗಿದ ಧರ್ಮಗೋಷ್ಠಿಯ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ಮಹೋತ್ಸವದ ಈ ಶುಭಸಮಯದಲ್ಲಿ ಶ್ರೀಮಠದ ಪರಂಪರೆಯನ್ನೂ ಪೂರ್ವದ ಗುರುಗಳ ತಪಸ್ಸನ್ನೂ ಸ್ಮರಿಸುವದು ಭಕ್ತರೆಲ್ಲರ ಕರ್ತವ್ಯವು. ಆ ಕಾರ್ಯವು ಹಿಂದಿನ ದಿನಗಳ ಗೋಷ್ಠಿಗಳಲ್ಲಿ ಯಥಾವಕಾಶವಾಗಿ ನೆರವೇರಿರುವದು. ಇಂದಿನ ಗೋಷ್ಠಿಗೆ ಪರಧರ್ಮಪರಿಚಯವೆಂಬ ವಿಷಯವನ್ನು ಗೊತ್ತುಪಡಿಸಿ, ಅದರಲ್ಲಿಯೂ ಯೆಹೂದ್ಯ ಧರ್ಮದ ಮೊದಲ ಪಾಠವಾಗುವಷ್ಟು ವಿಚಾರವು ನಡೆಯಲೆಂದು ಅಪ್ಪಣೆಯಾಗಿರುವದು. ಯೆಹೂದ್ಯರ ಮನೆಯೊಂದೂ ಕಾಣದ ಈ ಧುಪದಾಳದಲ್ಲಿ ಆ ಧರ್ಮದ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರವನ್ನು ಹೇಳಿ ಮುಂದಕ್ಕೆ ಹೋಗುವದು ಯೋಗ್ಯವು.

ಈ ಊರಿನ ಒಡ್ಡಿನಲ್ಲಿ 1897ರಿಂದ ನಿಂತು ಕಾಲುವೆಗೆ ಹರಿಯುತ್ತಿರುವ ಘಟಪ್ರಭೆಯ ನೀರು ಸಹ್ಯಾದ್ರಿಯಲ್ಲಿ ಹುಟ್ಟಿದುದು. ಅದೇ ಸಹ್ಯಾದ್ರಿಯ ಪಡುವಣ ಮಗ್ಗುಲಿಗೆ ಕೊಂಕಣವಿರುವದು. ಆ ಕೊಂಕಣದ ಬಡಗಣ ಭಾಗದಲ್ಲಿ, ಅಲಿಬಾಗದ ಸುತ್ತಲಿನ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಅನೇಕ ಶತಮಾನಗಳ ಕಾಲ ಒಕ್ಕಲುತನದಿಂದಲೂ ಗಾಣದ ಕಾಯಕದಿಂದಲೂ ಬಾಳಿದರು. ಪೂರ್ವದಲ್ಲಿ ಕುಲಾಬಾ ಜಿಲ್ಲೆಯೆನಿಸಿ 1981ರಿಂದ ರಾಯಗಡವೆಂದು ಕರೆಯಲ್ಪಡುವ ಆ ನಾಡೂ ಈ ಬೆಳಗಾವಿ ಜಿಲ್ಲೆಯೂ 1956ರ ವರೆಗೆ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದುದರಿಂದ ಇವರು ದೂರದ ಜನರಲ್ಲ. ಘಟ್ಟದ ಆಚೆಯ ನೆರೆಯವರು.

ಅವರನ್ನು ಸುತ್ತಲಿನ ಜನರು ಏನೆಂದು ಕರೆಯುತ್ತಿದ್ದರೆಂಬುದು ಕೇಳತಕ್ಕ ಸಂಗತಿ. ಅವರಿಗೆ ಇದ್ದ ಹೆಸರು ‘ಶನಿವಾರ ತೇಲಿ’ ಎಂದು. ತೇಲಿಯೆಂದರೆ ಗಾಣಿಗನು. ಶನಿವಾರ ಗಾಣವನ್ನು ಹೂಡದವನು ಶನಿವಾರ ತೇಲಿ. ಅದೇ ಪ್ರಾಂತದಲ್ಲಿ ಶಿವನ ವಾರವೆಂದು ಸೋಮವಾರ ಗಾಣ ನಿಲ್ಲಿಸುವ ಗಾಣಿಗರಿಗೆ ‘ಸೋಮವಾರ ತೇಲಿ’ ಎಂದು ಹೆಸರು. ಈ ನಾಡಿನ ಒಕ್ಕಲಿಗನು ಸೋಮವಾರ ಬಸವಣ್ಣನ ಹೆಗಲ ಮೇಲೆ ನೊಗವಿಡುವದಿಲ್ಲವೆಂಬುದನ್ನು ಇಲ್ಲಿ ನೆರೆದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹೀಗೆ ಎರಡು ಧರ್ಮದವರನ್ನು ಅವರ ಗ್ರಂಥಗಳಿಂದಲ್ಲ, ಎತ್ತು ವಿಶ್ರಮಿಸಿಕೊಳ್ಳುವ ದಿನದಿಂದ ಜನರು ಗುರುತಿಸಿದರು. ಯೆಹೂದ್ಯ ಧರ್ಮದ ಬಾಗಿಲು ಎಲ್ಲಿರುವದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆಯು ದೊರೆಯಲಾರದು.

ಕನ್ನಡನಾಡಿನೊಡನೆ ಅವರಿಗೆ ಇನ್ನೊಂದು ಸಂಬಂಧವೂ ಉಂಟು. ಬೆನೆ ಇಸ್ರಾಯೇಲರಲ್ಲಿ ಅನೇಕರು ಮುಂಬಯಿಯ ಸೈನ್ಯದಲ್ಲಿ ಸೇವೆ ಮಾಡಿದವರು. ಅವರಲ್ಲಿ ಸಾಮಾಜಿ ಹಸಾಜಿ ದಿವೇಕರನೆಂಬವನು ಎರಡನೆಯ ಮೈಸೂರು ಯುದ್ಧದಲ್ಲಿ ಟೀಪೂ ಸುಲ್ತಾನನ ಸೆರೆಯಾಳಾದನೆಂದೂ, ಬೆನೆ ಇಸ್ರಾಯೇಲನೆಂಬುದು ತಿಳಿದುಬಂದ ಮೇಲೆ ಅವನ ಪ್ರಾಣವು ಉಳಿಯಿತೆಂದೂ, ಊರಿಗೆ ಮರಳಿದರೆ ದೇವಮಂದಿರವನ್ನು ಕಟ್ಟಿಸುವೆನೆಂದು ಅವನು ಹರಕೆ ಹೊತ್ತನೆಂದೂ ಆ ಸಮಾಜದವರು ಹೇಳಿಕೊಂಡು ಬಂದಿರುವರು. ಸೆರೆಯ ಕಥೆಯು ಪರಂಪರೆಯ ಮಾತು. ಮಂದಿರವಾದರೋ ಪ್ರತ್ಯಕ್ಷವಾದುದು. ‘ಕರುಣೆಯ ಬಾಗಿಲು’ ಎಂಬರ್ಥದ ಹೆಸರುಳ್ಳ ಆ ಮಂದಿರವನ್ನು ಅವನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದನು. ಬೆಂಗಳೂರಿನ ಮೈಸೂರು ರಸ್ತೆಯ ಬಳಿಯಲ್ಲಿ 1904ರಲ್ಲಿ ಏರ್ಪಟ್ಟ ಯೆಹೂದ್ಯರ ರುದ್ರಭೂಮಿಯೂ ಈ ನಾಡಿನ ಮಣ್ಣಿನಲ್ಲಿ ಅವರ ಗುರುತಾಗಿರುವದು.

ಇನ್ನು ಪಾಠಕ್ಕೆ ಬರತಕ್ಕದ್ದು. ಪಾಠಶಾಲೆಗಳಲ್ಲಿ ಶಾಸ್ತ್ರವನ್ನು ಹೇಳುವ ಪದ್ಧತಿಯು ಎಲ್ಲರಿಗೂ ಗೊತ್ತಿರುವದು. ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದಿಂದ ಎತ್ತಿ ನಿಲ್ಲಿಸಿ, ಅನಂತರ ಸಿದ್ಧಾಂತವನ್ನು ಹೇಳುವರು. ಪೂರ್ವಪಕ್ಷವು ದುರ್ಬಲವಾದರೆ ಸಿದ್ಧಾಂತವೂ ದುರ್ಬಲವೇ. ಆದುದರಿಂದ ಒಬ್ಬ ಜಿಜ್ಞಾಸುವನ್ನು ಎದುರಿಗೆ ಕುಳ್ಳಿರಿಸಿಕೊಂಡಂತೆ ಭಾವಿಸತಕ್ಕದ್ದು. ಅವನು ಕುತರ್ಕಿಯಲ್ಲ, ಆದರೆ ಹೇಳಿದ್ದನ್ನೆಲ್ಲ ನಂಬುವವನೂ ಅಲ್ಲ. ಯೆಹೂದ್ಯ ಧರ್ಮವೆಂದರೇನೆಂದು ಅವನು ಕೇಳುತ್ತಾನೆ. ಪ್ರತಿಯೊಂದು ಉತ್ತರಕ್ಕೂ ಒಂದು ಸಂದೇಹವನ್ನು ಒಡ್ಡುತ್ತಾನೆ.

ಅವನ ಮೊದಲನೆಯ ಮಾತು ಇದು: “ಧರ್ಮವು ನಿಜವಾಗಿದ್ದರೆ ಅದನ್ನು ಒಂದೇ ಮಾತಿನಲ್ಲಿ ಹೇಳಲು ಬರಬೇಕು. ದೊಡ್ಡ ಗ್ರಂಥಗಳ ಗೊಡವೆ ನನಗೆ ಬೇಡ.”

ಈ ಪ್ರಶ್ನೆಯು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಕ್ರಿಸ್ತಶಕದ ಆರಂಭದ ಕಾಲದಲ್ಲಿ ಯೆರೂಸಲೇಮಿನಲ್ಲಿ ಶಮ್ಮಾಯಿ, ಹಿಲ್ಲೇಲ ಎಂಬ ಇಬ್ಬರು ಆಚಾರ್ಯರಿದ್ದರು. ಅನ್ಯಧರ್ಮೀಯನೊಬ್ಬನು ಶಮ್ಮಾಯಿಯ ಬಳಿಗೆ ಬಂದು, ತಾನು ಒಂಟಿಕಾಲಿನ ಮೇಲೆ ನಿಂತಿರುವಷ್ಟರಲ್ಲಿ ಧರ್ಮವನ್ನೆಲ್ಲ ಕಲಿಸಿದರೆ ಯೆಹೂದ್ಯನಾಗುವೆನೆಂದನು. ಶಮ್ಮಾಯಿಯು ಕೈಯಲ್ಲಿದ್ದ ಶಿಲ್ಪಿಯ ಅಳತೆಗೋಲಿನಿಂದ ಅವನನ್ನು ಅಟ್ಟಿದನು. ಅವನು ಹಿಲ್ಲೇಲನ ಬಳಿಗೆ ಹೋದನು. ಹಿಲ್ಲೇಲನು ಸಿಟ್ಟಾಗಲಿಲ್ಲ. ತನಗೆ ಯಾವುದು ಹೇಸಿಕೆಯೋ ಅದನ್ನು ನೆರೆಯವನಿಗೆ ಮಾಡದಿರುವದೇ ಧರ್ಮದ ತಿರುಳೆಂದೂ, ಉಳಿದುದೆಲ್ಲ ಅದರ ವ್ಯಾಖ್ಯಾನವೆಂದೂ ತಿಳಿಸಿ, ಹೋಗಿ ಅದನ್ನು ಅಭ್ಯಾಸ ಮಾಡೆಂದು ಕಳಿಸಿದನು.

ಈ ಕಥೆಯನ್ನು ಹೇಳುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಹಿಲ್ಲೇಲನ ತಾಳ್ಮೆಯನ್ನು ಹೊಗಳಿ ಮೊದಲನೆಯ ಮಾತಿಗೇ ನಿಲ್ಲುವರು. ಆದರೆ ಕಥೆಯ ಜೀವವಿರುವದು ಕೊನೆಯ ಮಾತಿನಲ್ಲಿ. ಒಂದು ವಾಕ್ಯವನ್ನು ಕೊಟ್ಟವನು ಆ ವಾಕ್ಯವೇ ಸಾಕೆಂದು ಹೇಳಲಿಲ್ಲ. ಅದನ್ನು ಬೀಜವಾಗಿ ಕೊಟ್ಟು ಬೇಸಾಯಕ್ಕೆ ಹಚ್ಚಿದನು. ನೆರೆಯವನಿಗೆ ಕೇಡು ಮಾಡಬಾರದೆಂಬುದು ಸರಿ. ಆದರೆ ಕೂಲಿಯನ್ನು ಎಂದು ಕೊಡಬೇಕು, ದಾರಿಯಲ್ಲಿ ಸಿಕ್ಕ ಒಡವೆಯನ್ನು ಏನು ಮಾಡಬೇಕು, ಎತ್ತು ಪರರ ಹೊಲವನ್ನು ಮೇದರೆ ದಂಡವೆಷ್ಟು ಎಂಬುವದನ್ನು ಗೊತ್ತುಪಡಿಸದೆ ಆ ಮಾತು ಬಾಯಲ್ಲಿ ಉಳಿಯುವದೇ ಹೊರತು ಬಾಳಿನಲ್ಲಿ ಇಳಿಯುವದಿಲ್ಲ. ಶಮ್ಮಾಯಿಯ ಕೋಪಕ್ಕೂ ಒಂದು ಅರ್ಥವನ್ನು ಹೇಳಬಹುದು. ಅಳತೆಗೋಲನ್ನು ಹಿಡಿದವನಿಗೆ ಒಂದೇ ಕಂಬದ ಮೇಲೆ ಮನೆಯು ನಿಲ್ಲದೆಂಬುದು ಗೊತ್ತಿರುವದು. ಸತ್ಯವು ಇಬ್ಬರಲ್ಲಿಯೂ ಇತ್ತು. ಕಲಿಸುವ ಹದವು ಹಿಲ್ಲೇಲನಲ್ಲಿತ್ತು.

ಜಿಜ್ಞಾಸುವು ಎರಡನೆಯ ಸಂದೇಹವನ್ನು ಎತ್ತುತ್ತಾನೆ: “ಗ್ರಂಥವಾದರೆ ಓದಿ ನೋಡಬಹುದು. ಆದರೆ ಗ್ರಂಥದ ಜೊತೆಗೆ ಬಾಯಿಂದ ಬಾಯಿಗೆ ಬಂದ ಸಂಪ್ರದಾಯವನ್ನೂ ಒಪ್ಪಬೇಕೆನ್ನುವರಲ್ಲ, ಅದನ್ನು ಏತಕ್ಕೆ ನಂಬಬೇಕು?”

ಇದನ್ನು ತಿಳಿಯಲು ಗ್ರಂಥಗಳ ಪರಿಚಯವು ಸ್ವಲ್ಪ ಬೇಕು. ಮೋಶೆಯ ಮುಖಾಂತರ ಬಂದವೆಂದು ಯೆಹೂದ್ಯರು ನಂಬುವ ಐದು ಗ್ರಂಥಗಳಿಗೆ ತೋರಾ ಎಂದು ಹೆಸರು. ಪ್ರವಾದಿಗಳ ಗ್ರಂಥಗಳೂ ಇತರ ಲೇಖಗಳೂ ಅದರೊಡನೆ ಕೂಡಿ ಅವರ ಶ್ರುತಿಯಾಗುವವು. ಇದಲ್ಲದೆ ಮೌಖಿಕವಾಗಿ ಬಂದ ವಿಧಿಗಳನ್ನು ಕ್ರಿ.ಶ. 200ರ ಸುಮಾರಿಗೆ ಯೆಹೂದಾ ಎಂಬ ಆಚಾರ್ಯನು ಆರು ಭಾಗಗಳಾಗಿ ಸಂಗ್ರಹಿಸಿದನು. ಅದು ಮಿಶ್ನಾ. ಅದರ ಮೇಲೆ ಬಾಬಿಲೋನಿನ ಪಾಠಶಾಲೆಗಳಲ್ಲಿಯೂ ಪಾಲೆಸ್ತೀನದ ಪಾಠಶಾಲೆಗಳಲ್ಲಿಯೂ ನೂರಾರು ವರ್ಷ ನಡೆದ ಚರ್ಚೆಯೇ ತಾಲ್ಮೂದ. ಬಾಬಿಲೋನಿನ ತಾಲ್ಮೂದವು ಇಂದು ಅಚ್ಚಾಗುವ ರೂಢಿಯಲ್ಲಿ 2711 ಹಾಳೆಗಳಷ್ಟು ವಿಸ್ತಾರವಾದುದು.

ಈ ಸಂದೇಹಕ್ಕೂ ಹಿಲ್ಲೇಲನದೇ ಒಂದು ಸಮಾಧಾನವುಂಟು. ಬರೆದ ತೋರಾ ಸಾಕು, ಬಾಯಿಪಾಠದ ತೋರಾ ಬೇಡವೆಂದು ಬಂದವನಿಗೆ ಅವನು ಮೊದಲನೆಯ ದಿನ ಅಕ್ಷರಮಾಲೆಯನ್ನು ಕಲಿಸಿದನು: ಇದು ಆಲೆಫ್, ಇದು ಬೇತ್ ಎಂದು. ಮರುದಿನ ಅದನ್ನೇ ತಲೆಕೆಳಗಾಗಿ ಹೇಳಿದನು. ಶಿಷ್ಯನು ಗಾಬರಿಗೊಂಡು, ನಿನ್ನೆ ಹೇಳಿದುದು ಹೀಗಲ್ಲವೆಂದನು. ಆಗ ಹಿಲ್ಲೇಲನು, ಅಕ್ಷರದ ಹೆಸರಿಗೆ ಕೂಡ ನೀನು ನನ್ನ ಮಾತನ್ನೇ ನೆಚ್ಚಿದೆಯಲ್ಲವೆ, ಹಾಗಾದರೆ ಅರ್ಥದ ವಿಷಯದಲ್ಲಿಯೂ ನೆಚ್ಚಬೇಕಲ್ಲವೆ ಎಂಬ ಅಭಿಪ್ರಾಯವನ್ನು ತಿಳಿಸಿದನು. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ ಕಲಿತವರಿಗೆ ಇದರ ಸ್ವಾರಸ್ಯವು ಬೇಗನೆ ತಿಳಿಯುವದು. ‘ಕ’ ಎಂಬ ಆಕಾರಕ್ಕೆ ‘ಕ’ ಎಂಬ ಧ್ವನಿಯೆಂದು ಯಾವ ಪುಸ್ತಕವೂ ತಾನಾಗಿ ಹೇಳಲಾರದು. ಹೇಳುವವನೊಬ್ಬನು ಬೇಕು. ಗುರುವಿಲ್ಲದೆ ಗ್ರಂಥವಿಲ್ಲ.

ಆದರೆ ಜಿಜ್ಞಾಸುವು ಬಿಡುವವನಲ್ಲ. “ಗುರುಗಳೇ ತಮ್ಮತಮ್ಮೊಳಗೆ ಜಗಳವಾಡಿದರೆ?” ಎನ್ನುತ್ತಾನೆ. ಯೆಹೂದ್ಯರ ವೈಶಿಷ್ಟ್ಯವು ಇಲ್ಲಿಯೇ ಕಾಣುವದು. ತಾಲ್ಮೂದದಲ್ಲಿ ಗೆದ್ದ ಪಕ್ಷದೊಡನೆ ಸೋತ ಪಕ್ಷವನ್ನೂ ಹೆಸರು ಹಿಡಿದು ಉಳಿಸಿರುವರು. ಹಿಲ್ಲೇಲನ ಶಿಷ್ಯರೂ ಶಮ್ಮಾಯಿಯ ಶಿಷ್ಯರೂ ಬಹುಕಾಲ ವಾದಿಸಿದ ಮೇಲೆ, ಎರಡೂ ಪಕ್ಷಗಳ ಮಾತು ದೇವರದೇ ಎಂದೂ ಆಚರಣೆಗೆ ಮಾತ್ರ ಹಿಲ್ಲೇಲನ ಪಕ್ಷವನ್ನು ಹಿಡಿಯತಕ್ಕದ್ದೆಂದೂ ನಿರ್ಣಯವಾಯಿತೆಂದು ಆ ಗ್ರಂಥವು ಹೇಳುವದು. ಅದಕ್ಕೆ ಕೊಟ್ಟ ಕಾರಣವು ಮನನೀಯವಾದುದು: ಹಿಲ್ಲೇಲನ ಶಿಷ್ಯರು ಸೌಮ್ಯರು, ಎದುರಾಳಿಯ ಮಾತನ್ನೂ ಕಲಿಸುವರು, ಅದೂ ತಮ್ಮ ಮಾತಿಗಿಂತ ಮುಂಚೆ. ಪೂರ್ವಪಕ್ಷದ ಮರ್ಯಾದೆಯನ್ನು ಬಲ್ಲ ಪಾಠಶಾಲೆಯವರಿಗೂ, ಶರಣರ ತತ್ತ್ವವನ್ನು ಸಂವಾದರೂಪವಾಗಿ ಜೋಡಿಸಿದ ಶೂನ್ಯಸಂಪಾದನೆಯ ಓದುಗರಿಗೂ ಇದು ಪರಕೀಯವೆಂದು ತೋರಲಾರದು.

ಮೂರನೆಯ ಸಂದೇಹವು ದೇವರನ್ನು ಕುರಿತದ್ದು: “ಅವರು ಏನನ್ನು ನಂಬುವರು? ನಂಬದವನು ಎಲ್ಲಿಂದ ಆರಂಭಿಸಬೇಕು?”

ದೇವನೊಬ್ಬನೇ ಎಂಬುದು ಆ ಧರ್ಮದ ಮೂಲಸ್ತಂಭವು. ದಿನಕ್ಕೆರಡು ಸಲ ಅವರು ಹೇಳುವ ಶೆಮಾ ಎಂಬ ಘೋಷದ ಸಾರವೂ ಅದೇ. ಕೊಂಕಣದ ಬೆನೆ ಇಸ್ರಾಯೇಲರು ಕಾಲಾಂತರದಲ್ಲಿ ಹೀಬ್ರೂ ಭಾಷೆಯನ್ನೂ ಗ್ರಂಥಗಳನ್ನೂ ಮರೆತಿದ್ದರೂ ಈ ಒಂದು ಘೋಷವನ್ನು ಮರೆಯಲಿಲ್ಲ. ಮಗು ಹುಟ್ಟಿದರೂ ಮದುವೆಯಾದರೂ ಮರಣವಾದರೂ ಅದನ್ನೇ ಹೇಳುತ್ತಿದ್ದರು. ಏಕದೇವನಿಷ್ಠೆಯು ಇಲ್ಲಿ ನೆರೆದವರಿಗೆ ಲಿಂಗಾಚಾರದಿಂದ ಚೆನ್ನಾಗಿ ಗೊತ್ತಿರುವ ವಿಷಯ. ಆದರೆ ಸಾಮ್ಯವನ್ನು ಹೇಳುವ ಭರದಲ್ಲಿ ಭೇದವನ್ನು ಮುಚ್ಚಬಾರದು. ನಿರಾಕಾರನಾದ ಪರಶಿವನನ್ನು ಶ್ರೀಗುರುವು ಇಷ್ಟಲಿಂಗವಾಗಿ ಶಿಷ್ಯನ ಅಂಗೈಗೆ ಕರುಣಿಸುವನು. ಯೆಹೂದ್ಯರು ದೇವರಿಗೆ ಯಾವ ಕುರುಹನ್ನೂ ಒಪ್ಪರು. ಅವರು ಬೆಳಗಿನ ಪ್ರಾರ್ಥನೆಯಲ್ಲಿ ತೋಳಿಗೂ ಹಣೆಗೂ ಚರ್ಮದ ಚಿಕ್ಕ ಕರಡಿಗೆಗಳನ್ನು ಕಟ್ಟಿಕೊಳ್ಳುವದುಂಟು, ಬಾಗಿಲ ನಿಲುವಿಗೆ ಒಂದು ಕರಡಿಗೆಯನ್ನು ಜಡಿಯುವದುಂಟು. ಅವುಗಳೊಳಗೆ ಇರುವದು ತೋರಾದ ವಾಕ್ಯಗಳನ್ನು ಬರೆದ ಚರ್ಮಪತ್ರ. ಅದು ಪೂಜೆಗಲ್ಲ, ನೆನಪಿಗೆ. ಅಂಗದ ಮೇಲೆ ಪವಿತ್ರವಾದುದನ್ನು ಧರಿಸುವ ಭಾವವು ಸಮಾನವಾದರೂ ಧರಿಸುವ ವಸ್ತುವೂ ಅದರ ಅರ್ಥವೂ ಬೇರೆ.

ನಂಬಿಕೆಯ ವಿಷಯದಲ್ಲಿ ಮೈಮೊನೀದನೆಂಬ ಮಹಾಪಂಡಿತನು (1138–1204) ಹದಿಮೂರು ತತ್ತ್ವಗಳನ್ನು ಎಣಿಸಿಟ್ಟನು. ತರ್ಕಶಾಸ್ತ್ರವನ್ನು ಓದಿ ಶ್ರುತಿಯ ಅರ್ಥದಲ್ಲಿ ಗೊಂದಲಗೊಂಡ ತನ್ನ ಶಿಷ್ಯನ ಸಲುವಾಗಿ ಒಂದು ದೊಡ್ಡ ಗ್ರಂಥವನ್ನೇ ಬರೆದನು. ಅದರ ಹೆಸರು ‘ಗೊಂದಲಗೊಂಡವರಿಗೆ ಮಾರ್ಗದರ್ಶಿ’ ಎಂದಾಗುವದು. ಶಂಕೆಯುಳ್ಳ ಶಿಷ್ಯನನ್ನು ಅವನು ಹೊರಗೆ ನೂಕಲಿಲ್ಲ. ಆದರೂ ಬಹುಮಂದಿ ಯೆಹೂದ್ಯರಿಗೆ ನಂಬಿಕೆಯ ಪಟ್ಟಿಗಿಂತ ಆಚರಣೆಯೇ ಹತ್ತಿರದ್ದು. ಸೀನಾಯಿ ಬೆಟ್ಟದ ಬುಡದಲ್ಲಿ ಅವರ ಹಿರಿಯರು ಮೊದಲು ಮಾಡುವೆವೆಂದೂ ಅನಂತರ ಕೇಳುವೆವೆಂದೂ ಒಪ್ಪಿಕೊಂಡರೆಂದು ತೋರಾ ಹೇಳುವದು. ಈಜನ್ನು ದಡದಲ್ಲಿ ಕುಳಿತು ತಿಳಿಯಲು ಬಾರದು. ಆಚಾರವೇ ಅರಿವಿನ ಮೆಟ್ಟಿಲೆಂಬ ಮಾತು ಶಿವಾಚಾರದವರಿಗೂ ಒಪ್ಪಿಗೆಯಾದುದು.

“ಹಾಗಾದರೆ ದೇವರು ತಮ್ಮನ್ನು ಮಾತ್ರ ಆರಿಸಿಕೊಂಡನೆಂದು ಅವರು ಹೇಳುವದು ಪಕ್ಷಪಾತವಲ್ಲವೆ?” ಎಂಬುದು ನಾಲ್ಕನೆಯ ಸಂದೇಹ. ಇದು ಬಿರುಸಾದ ಪ್ರಶ್ನೆ. ಯೆಹೂದ್ಯರ ಉತ್ತರವು ಹೀಗಿರುವದು: ಆರಿಸಲ್ಪಟ್ಟುದು ಸುಖಕ್ಕಲ್ಲ, ಹೊರೆಗೆ. ಅವರ ಮೇಲೆ 613 ವಿಧಿಗಳಿರುವವು. ಮಾಡತಕ್ಕವು 248, ಮಾಡಬಾರದವು 365. ಇತರ ಮಾನವರ ಮೇಲಾದರೋ ನೋಹನ ಕಾಲದಿಂದ ಬಂದ ಏಳೇ ವಿಧಿಗಳು. ಕೊಲೆ ಕಳವುಗಳನ್ನು ಬಿಡುವದು, ನ್ಯಾಯಸ್ಥಾನವನ್ನು ಇಡುವದು ಮೊದಲಾದವು ಅವುಗಳಲ್ಲಿ ಸೇರಿರುವವು. ಅನ್ಯಧರ್ಮದ ಸಜ್ಜನರಿಗೂ ಪರಲೋಕದಲ್ಲಿ ಪಾಲುಂಟೆಂದು ಅವರ ಆಚಾರ್ಯರು ಒಪ್ಪಿರುವರು. ಪ್ರವಾದಿಯಾದ ಆಮೋಸನು, ದೇವರು ಹೆಚ್ಚು ಬಲ್ಲವರನ್ನೇ ಅವರ ತಪ್ಪಿಗಾಗಿ ಹೆಚ್ಚು ದಂಡಿಸುವನೆಂದು ಸಾರಿದನು. ಆದುದರಿಂದಲೇ ಅವರು ಯಾರನ್ನೂ ತಮ್ಮ ಧರ್ಮಕ್ಕೆ ಕರೆಯುತ್ತ ತಿರುಗುವದಿಲ್ಲ. ತಾನಾಗಿ ಬಂದವನನ್ನೂ ಕೂಡಲೆ ಸೇರಿಸಿಕೊಳ್ಳುವದಿಲ್ಲ. ಕಷ್ಟಪಡುತ್ತಿರುವ ಈ ಜನರೊಡನೆ ಏಕೆ ಸೇರುವೆಯೆಂದು ಮೊದಲು ಕೇಳತಕ್ಕದ್ದು, ಅವನು ದೃಢವಾಗಿದ್ದರೆ ಹಗುರಾದ ಕೆಲವು ವಿಧಿಗಳನ್ನೂ ಭಾರವಾದ ಕೆಲವು ವಿಧಿಗಳನ್ನೂ ತಿಳಿಸತಕ್ಕದ್ದು, ಅತಿಯಾಗಿ ಹೇಳಿ ಬೆದರಿಸಬಾರದು ಎಂದು ತಾಲ್ಮೂದದಲ್ಲಿ ವಿಧಿಯುಂಟು. ಹೊಸಬನಿಗೆ ಪಾಠ ಹೇಳುವ ಕ್ರಮವನ್ನು ಇಷ್ಟು ವಿವೇಕದಿಂದ ಗೊತ್ತುಪಡಿಸಿದುದು ವಿರಳವೇ ಸರಿ.

ಆಗ ತಿಳಿಸತಕ್ಕವುಗಳಲ್ಲಿ ಮೊದಲಾಗಿ ಬರುವದು ಯಾವುದು? ಬಡವರ ಪಾಲು. ಪೈರು ಕೊಯ್ಯುವಾಗ ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು. ಬಿದ್ದ ತೆನೆಯನ್ನು ಎತ್ತಿಕೊಳ್ಳಬಾರದು. ಮರೆತ ಸಿವುಡಿಗಾಗಿ ತಿರುಗಿ ಹೋಗಬಾರದು. ಅದು ಬಡವನದು, ಪರದೇಶಿಯದು. ಹಕ್ಕಲಾಯುವವರನ್ನು ಹೊಲದಿಂದ ಅಟ್ಟಬಾರದೆಂಬುದು ಒಕ್ಕಲಿಗರೆಲ್ಲರಿಗೂ ತಿಳಿಯುವ ಧರ್ಮ. ರೂತಳೆಂಬ ಪರದೇಶದ ವಿಧವೆಯು ಹೀಗೆ ಹಕ್ಕಲಾಯ್ದು ಅತ್ತೆಯನ್ನು ಸಲಹಿದಳೆಂದೂ, ಅವಳ ವಂಶದಲ್ಲಿಯೇ ದಾವೀದರಾಜನು ಹುಟ್ಟಿದನೆಂದೂ ಅವರ ಶ್ರುತಿಯಲ್ಲಿ ಹೇಳಿರುವದು. ದಾನಕ್ಕೆ ಅವರು ಇಟ್ಟ ಹೆಸರಿನ ಮೂಲಾರ್ಥವು ನ್ಯಾಯವೆಂದು. ಮೈಮೊನೀದನು ದಾನದ ಎಂಟು ಮೆಟ್ಟಿಲುಗಳನ್ನು ಹೇಳಿ, ಬಡವನಿಗೆ ಕೆಲಸವನ್ನೊದಗಿಸಿ ಇಲ್ಲವೆ ಸಾಲ ಕೊಟ್ಟು ಅವನು ಮತ್ತೆ ಕೈಯೊಡ್ಡದಂತೆ ಮಾಡುವದೇ ಎಲ್ಲಕ್ಕೂ ಮೇಲೆಂದನು. ಕಾಯಕವನ್ನೂ ದಾಸೋಹವನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯ ಸಂದೇಹವು ವಿಧಿಗಳ ಮೇಲೆಯೇ ಬೀಳುವದು: “ದಾನವು ಸರಿ. ಈ ಮೀನು ತಿನ್ನಬಹುದು, ಆ ಮೀನು ತಿನ್ನಬಾರದು, ಶನಿವಾರ ಒಲೆ ಹಚ್ಚಬಾರದು, ಇವೆಲ್ಲ ಏತರ ಧರ್ಮ?”

ಕೊಚ್ಚಿಯಿಂದ ಬಂದ ದಾವೀದ ರಾಹಬಿಯೆಂಬ ಯೆಹೂದ್ಯ ಪಂಡಿತನು ಕೊಂಕಣದ ಈ ಗಾಣಿಗರನ್ನು ಕಂಡಾಗ, ಇವರು ನಿಜವಾಗಿ ಯೆಹೂದ್ಯರೆ ಎಂದು ಅವನಿಗೇ ಸಂದೇಹವಾಯಿತಂತೆ. ಅವನು ಹಲವು ಬಗೆಯ ಮೀನುಗಳನ್ನು ತಂದು ಅಡಿಗೆ ಮಾಡಲು ಹೆಂಗಸರ ಮುಂದಿಟ್ಟನಂತೆ. ಅವರು ಈಜುರೆಕ್ಕೆಯೂ ಪರೆಯೂ ಇರುವ ಮೀನುಗಳನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಬೇರೆಯಿಟ್ಟರಂತೆ. ತೋರಾದ ವಿಧಿಯೂ ಹಾಗೆಯೇ ಇರುವದು. ರಾಹಬಿಯ ಕಾಲವನ್ನು ಕುರಿತು ಪಂಡಿತರಲ್ಲಿ ಮತಭೇದವಿದ್ದರೂ ಆ ಸಮಾಜದವರು ಈ ಕಥೆಯನ್ನು ಪ್ರೀತಿಯಿಂದ ಹೇಳುವರು. ಗ್ರಂಥವು ಕಳೆದಿತ್ತು, ಭಾಷೆಯು ಕಳೆದಿತ್ತು, ಗುರುವಿರಲಿಲ್ಲ. ಉಳಿದುದು ತಾಯಂದಿರ ಅಡಿಗೆಮನೆಯ ಆಚಾರ. ಅದೇ ಅವರಿಗೆ ಗುರುತಿನ ಪತ್ರವಾಯಿತು. ಅಲ್ಪವೆಂದು ತೋರುವ ವಿಧಿಯು ಎಷ್ಟು ಶತಮಾನಗಳ ಭಾರವನ್ನು ಹೊರಬಲ್ಲದೆಂಬುದಕ್ಕೆ ಇದು ನಿದರ್ಶನವು.

ಶಬ್ಬಾತವೆಂಬ ವಿಶ್ರಾಂತಿದಿನವು ಶುಕ್ರವಾರ ಸಂಜೆ ಸೂರ್ಯಾಸ್ತದೊಡನೆ ಆರಂಭವಾಗಿ ಶನಿವಾರ ನಕ್ಷತ್ರಗಳು ಕಾಣುವ ವರೆಗೆ ಇರುವದು. ಆಗ ಮಾಡಬಾರದ ಕೆಲಸಗಳನ್ನು ಮಿಶ್ನಾದಲ್ಲಿ 39 ಎಂದು ಎಣಿಸಿರುವರು. ಬಿತ್ತುವದು, ಉಳುವದು, ಕೊಯ್ಯುವದು, ಸಿವುಡು ಕಟ್ಟುವದು, ಒಕ್ಕುವದು, ತೂರುವದು, ಆರಿಸುವದು, ಬೀಸುವದು, ಸಾಣಿಸುವದು, ನಾದುವದು, ಬೇಯಿಸುವದು ಎಂದು ಆ ಎಣಿಕೆಯು ಹೊಲದಿಂದ ಹೊರಟು ರೊಟ್ಟಿಗೆ ಬಂದು ಮುಟ್ಟುವದು. ಹೀಗೆ ಮನುಷ್ಯನು ಜಗತ್ತನ್ನು ತನ್ನ ಇಚ್ಛೆಗೆ ಬಗ್ಗಿಸುವ ಕೆಲಸವನ್ನು ಏಳು ದಿನಗಳಲ್ಲಿ ಒಂದು ದಿನ ಬಿಡಬೇಕು. ಒಡೆಯನೊಬ್ಬನೇ ಅಲ್ಲ, ಮಗನು, ಮಗಳು, ಆಳು, ತೊತ್ತು, ಮನೆಯಲ್ಲಿರುವ ಪರದೇಶಿ, ಎತ್ತು, ಕತ್ತೆ ಎಲ್ಲರೂ ವಿಶ್ರಮಿಸಬೇಕೆಂದು ವಿಧಿಯುಂಟು. ಕಾರಣವೇನೆಂದರೆ ಇವರ ಹಿರಿಯರು ಮಿಸರದಲ್ಲಿ ಬಿಡುವಿಲ್ಲದ ದಾಸ್ಯವನ್ನು ಅನುಭವಿಸಿದವರು. ಬಿಡುವಿಲ್ಲದವನ ದುಃಖವನ್ನು ಬಲ್ಲವನು ಎತ್ತಿಗೂ ಬಿಡುವು ಕೊಡಬೇಕು. ಇಷ್ಟು ಬಿಗಿಯಾದ ವಿಧಿಯೂ ಪ್ರಾಣವನ್ನು ಉಳಿಸಬೇಕಾದ ಪ್ರಸಂಗದಲ್ಲಿ ಸಡಿಲಾಗುವದು. ಆಗ ಶಬ್ಬಾತವನ್ನು ಮೀರುವದೇ ಧರ್ಮವೆಂದು ಅವರ ನಿರ್ಣಯವು.

ತೋರಾವನ್ನು ಆ ಆಚಾರ್ಯರು ನೀರಿಗೆ ಹೋಲಿಸುವರು. ಧುಪದಾಳದವರಿಗೆ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ಹೇಳಬಹುದು. ಒಡ್ಡು ನೀರಿನ ವೈರಿಯಲ್ಲ. ಒಡ್ಡಿಲ್ಲದಿದ್ದರೆ ಮಳೆಗಾಲದ ಹೊಳೆಯು ತನ್ನ ಪಾಡಿಗೆ ತಾನು ಹರಿದುಹೋಗುವದು, ಎತ್ತರದ ಹೊಲಗಳು ಒಣಗಿ ಉಳಿಯುವವು. ವಿಧಿಗಳು ಭಕ್ತಿಗೆ ಕಟ್ಟಿದ ಒಡ್ಡುಗಳು. ಆದರೆ ಒಡ್ಡನ್ನು ಕಟ್ಟಿದವರು ಹೆಚ್ಚಾದ ನೀರು ಮೇಲೆ ಹಾಯ್ದು ಹೋಗಲೂ ಎಡೆಯಿಟ್ಟಿರುವರೆಂಬುದನ್ನು ಮರೆಯಬಾರದು.

ಇಲ್ಲಿಗೆ ಜಿಜ್ಞಾಸುವು ಸುಮ್ಮನಾದಂತೆ ತೋರುವದು. ಆದರೆ ಅವನ ಕೊನೆಯ ಪ್ರಶ್ನೆಯೇ ಎಲ್ಲಕ್ಕೂ ಭಾರವಾದುದು: “ಇಷ್ಟು ನಿಷ್ಠೆಯಿಂದ ನಡೆದವರನ್ನು ಅವರ ದೇವರು ಕಾಪಾಡಿದನೆ?”

ಈ ಪ್ರಶ್ನೆಗೆ ಹಗುರಾದ ಉತ್ತರವನ್ನು ಹೇಳುವದು ಪಾಪವು. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಮತ್ತೆ ಕಟ್ಟಿದ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮಿನವರು ಕೆಡವಿದರು. 1492ರಲ್ಲಿ ಸ್ಪೇನಿನಿಂದ ಅವರನ್ನು ಹೊರದೂಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1945ರಲ್ಲಿ ಅದು ಮುಗಿಯುವಷ್ಟರಲ್ಲಿ, ಜರ್ಮನಿಯ ನಾಜಿ ಸರಕಾರವೂ ಅದರ ಸಹಾಯಕರೂ ಯೂರೋಪಿನಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಅವರಲ್ಲಿ ಪಂಡಿತರಿದ್ದರು, ನಾಸ್ತಿಕರಿದ್ದರು, ಮಾತು ಬಾರದ ಕೂಸುಗಳಿದ್ದವು. ಇದು ಪೂರ್ವಕರ್ಮವೆಂದೋ ದೇವರ ಪರೀಕ್ಷೆಯೆಂದೋ ಹೊರಗಿನವರು ತೀರ್ಮಾನ ಹೇಳುವದು ಸಲ್ಲದು.

ಯೆಹೂದ್ಯರ ಶ್ರುತಿಯು ಈ ಪ್ರಶ್ನೆಯ ಬಾಯಿಯನ್ನು ಮುಚ್ಚಿಲ್ಲವೆಂಬುದಷ್ಟನ್ನೇ ಜಿಜ್ಞಾಸುವಿಗೆ ತೋರಿಸಬಹುದು. ಅಬ್ರಹಾಮನು ಒಂದು ಪಟ್ಟಣದ ನಾಶವನ್ನು ತಪ್ಪಿಸಲು ದೇವರೊಡನೆಯೇ ವಾದಿಸಿದನು. ಐವತ್ತು ಸಜ್ಜನರಿದ್ದರೆ, ನಲವತ್ತೈದು ಇದ್ದರೆ ಎಂದು ಹತ್ತರ ವರೆಗೆ ಇಳಿಸಿದನು. ನಿರಪರಾಧಿಯಾದ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ, ನಿನ್ನ ಪಾಪದ ಫಲವಿದೆಂದು ಅವನ ಗೆಳೆಯರು ಉಪದೇಶಿಸಿದರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಹಾಗೆ ಉಪದೇಶಿಸಿದ ಗೆಳೆಯರು. ದೂರು ಹೇಳಿದ ಯೋಬನಲ್ಲ. ದೇವಾಲಯವು ಹೋದಾಗ ಅವರು ಪಾಠಶಾಲೆಯನ್ನು ಕಟ್ಟಿದರು. ಬಲಿಪೀಠವಿಲ್ಲದಲ್ಲಿ ಪ್ರಾರ್ಥನೆಯನ್ನೂ ದಾನವನ್ನೂ ಅಧ್ಯಯನವನ್ನೂ ಇಟ್ಟುಕೊಂಡರು. ಇದು ಪ್ರಶ್ನೆಗೆ ಸಮಾಧಾನವಲ್ಲ, ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೂ ಬದುಕಿದ ರೀತಿ.

ಭರತಖಂಡದ ಮಟ್ಟಿಗೆ ಒಂದು ಮಾತನ್ನು ಸಂತೋಷದಿಂದ ಹೇಳಬಹುದು. ಈ ನಾಡಿನ ಜನರು ಯೆಹೂದ್ಯರನ್ನು ಅವರ ಧರ್ಮದ ಸಲುವಾಗಿ ಹಿಂಸಿಸಲಿಲ್ಲ. ಕೇರಳದ ಅರಸನು ಸುಮಾರು ಸಾವಿರ ವರ್ಷಗಳ ಹಿಂದೆ ಜೋಸೆಫ್ ರಬ್ಬಾನನಿಗೆ ತಾಮ್ರಪಟಗಳಲ್ಲಿ ಗೌರವಗಳನ್ನು ಬರೆಯಿಸಿ ಕೊಟ್ಟನು. ಕೊಂಕಣದ ಊರುಗಳು ತಮ್ಮ ಹೆಸರುಗಳನ್ನೇ ಅವರಿಗೆ ಕೊಟ್ಟವು. ದಿವೇಕರ, ಕೇಹಿಮಕರ, ರಾಜಪೂರಕರ ಎಂಬ ಅಡ್ಡಹೆಸರುಗಳು ಹೀಗೆ ಬಂದವು.

ಅವರು ಮರೆತ ಧರ್ಮವನ್ನು ಮತ್ತೆ ಕಲಿತ ಬಗೆಯೂ ಮನನೀಯವಾದುದು. ರಾಹಬಿಯು ಮೂರು ಮನೆತನಗಳವರನ್ನು ಆರಿಸಿ ಅವರಿಗೆ ಕಲಿಸಿದನೆಂದೂ ಅವರೇ ಕಾಜಿಗಳೆನಿಸಿ ಊರೂರು ತಿರುಗಿದರೆಂದೂ ಹೇಳುವರು. 1832ರಲ್ಲಿ ಕ್ರೈಸ್ತ ಬೋಧಕನಾದ ಜಾನ್ ವಿಲ್ಸನ್ನನು ಹೀಬ್ರೂ ವ್ಯಾಕರಣವನ್ನು ಮರಾಠಿಯಲ್ಲಿ ಬರೆದು ಪ್ರಕಟಿಸಿದನು. ಅವರು ಕ್ರೈಸ್ತರಾಗಲೆಂದು ಬೋಧಕರು ಬಯಸಿದ್ದರು. ಹೀಬ್ರೂ ಕಲಿತವರಲ್ಲಿ ಬಹುಮಂದಿಯಾದರೋ ತಮ್ಮ ಧರ್ಮದಲ್ಲಿಯೇ ಗಟ್ಟಿಯಾದರು. ಜೋಸೆಫ್ ಎಜೆಕೀಲ ರಾಜಪೂರಕರರು ಪ್ರಾರ್ಥನಾಗ್ರಂಥಗಳನ್ನು ಮರಾಠಿಗೆ ತಂದರು. ಹಾಯೀಮ ಸಾಮ್ಯುಯೆಲ ಕೇಹಿಮಕರರು ಮಕ್ಕಳಿಗಾಗಿ ಶಾಲೆಯನ್ನು ತೆರೆದು, ತಮ್ಮ ಸಮಾಜದ ಇತಿಹಾಸವನ್ನೂ ಬರೆದರು. 1880ರ ಸುಮಾರಿಗೆ ಇನ್ನೊಂದು ಹೊಸ ಉಪಾಯವು ಹೊಳೆಯಿತು: ಹರಿದಾಸರಂತೆ ನಿಂತು, ತಾಳಮೇಳಗಳೊಡನೆ, ಅಬ್ರಹಾಮ ಮೋಶೆಯರ ಚರಿತ್ರೆಯನ್ನು ಮರಾಠಿಯಲ್ಲಿ ಕೀರ್ತನೆ ಮಾಡುವದು. ಓದು ಬಾರದವರೂ ಕೇಳಿ ಕಲಿತರು. ಮಠದ ಪುರಾಣಪ್ರವಚನಗಳಿಂದ ಧರ್ಮವನ್ನು ಕಲಿತ ಭಕ್ತರಿಗೆ ಇದರ ಬೆಲೆಯು ತಾನಾಗಿ ತಿಳಿಯುವದು.

ಇಷ್ಟಾದರೂ ಅವರಿಗೆ ಪರೀಕ್ಷೆಯು ತಪ್ಪಲಿಲ್ಲ. 1948ರಲ್ಲಿ ಇಸ್ರಾಯೇಲ ರಾಷ್ಟ್ರವು ಸ್ಥಾಪನೆಯಾದ ಮೇಲೆ ಬೆನೆ ಇಸ್ರಾಯೇಲರಲ್ಲಿ ಬಹುಪಾಲು ಜನರು ಕ್ರಮೇಣ ಅಲ್ಲಿಗೆ ಹೋದರು. ಅಲ್ಲಿಯ ಕೆಲವು ಧರ್ಮಾಧಿಕಾರಿಗಳು ಮದುವೆಯ ವಿಷಯದಲ್ಲಿ ಇವರ ಯೆಹೂದ್ಯತ್ವವನ್ನೇ ಶಂಕಿಸಿದರು. ಗ್ರಂಥವಿಲ್ಲದ ಕಾಲದಲ್ಲಿಯೂ ಶನಿವಾರ ಗಾಣವನ್ನು ನಿಲ್ಲಿಸಿದವರ ವಂಶಜರು ತಾವು ಯಾರೆಂದು ತಮ್ಮವರ ಮುಂದೆಯೇ ಸಿದ್ಧಪಡಿಸಬೇಕಾಯಿತು. ಅವರು ಬೀದಿಗಿಳಿದು ಪ್ರತಿಭಟಿಸಿದರು. 1964ರಲ್ಲಿ ಆ ರಾಷ್ಟ್ರದ ಶಾಸನಸಭೆಯು ಇವರು ಎಲ್ಲ ಬಗೆಯಿಂದಲೂ ಯೆಹೂದ್ಯರೇ ಎಂದು ಘೋಷಿಸಿತು. ಹೊಸಬನು ಧರ್ಮವನ್ನು ಶಂಕಿಸಿದರೆ ಧರ್ಮಕ್ಕೆ ಹಾನಿಯಿಲ್ಲ. ಧರ್ಮದವರು ತಮ್ಮವರನ್ನೇ ಶಂಕಿಸಿದರೆ ಆಗುವ ನೋವು ಬೇರೆ.

ಶರಣಬಂಧುಗಳೇ, ಮಿಸರದ ದಾಸ್ಯದಿಂದ ಬಿಡುಗಡೆಯಾದುದನ್ನು ಸ್ಮರಿಸುವ ಪಸ್ಕಹಬ್ಬದ ರಾತ್ರಿಯಲ್ಲಿ ಯೆಹೂದ್ಯರ ಮನೆಗಳಲ್ಲಿ ಊಟಕ್ಕೆ ಮುಂಚೆ ಅತಿ ಚಿಕ್ಕ ಮಗುವು ಪ್ರಶ್ನೆ ಕೇಳಲೇಬೇಕೆಂಬ ನಿಯಮವುಂಟು. ಆಗ ನಾಲ್ಕು ಬಗೆಯ ಮಕ್ಕಳನ್ನು ನೆನೆಯುವರು: ಜಾಣನು, ದುಡುಕಿನವನು, ಮುಗ್ಧನು, ಕೇಳಲು ಕೂಡ ಅರಿಯದವನು. ಇದೆಲ್ಲ ನಿಮಗೇತಕ್ಕೆ ಎಂದು ಕೇಳುವ ಎರಡನೆಯವನಿಗೆ ತಂದೆಯು ಖಾರವಾಗಿಯೇ ಉತ್ತರ ಕೊಡುವನು. ಆದರೂ ಅವನನ್ನು ಪಂಕ್ತಿಯಿಂದ ಏಳಿಸಿಲ್ಲ. ಕೇಳಲು ಅರಿಯದವನಿಗಾದರೋ ತಂದೆಯೇ ಮಾತನ್ನು ತೆರೆಯಬೇಕು.

ಈ ಸುತ್ತಿನ ಹಳ್ಳಿಗಳ ಮನೆಗಳಲ್ಲಿಯೂ ಆ ನಾಲ್ವರು ಮಕ್ಕಳಿರುವರು. ಓದಿದ ಹುಡುಗನು ವಿಭೂತಿಯೇಕೆ, ಲಿಂಗವೇಕೆ, ಮಠವೇಕೆ ಎಂದು ಕೇಳಿದಾಗ ಅಳತೆಗೋಲನ್ನು ಎತ್ತುವದು ಸುಲಭವು. ಹಾಗೆ ಅಟ್ಟಿಸಿಕೊಂಡವರಿಗೆಲ್ಲ ಹಿಲ್ಲೇಲನ ಮನೆಯ ದಾರಿ ಸಿಕ್ಕೇ ಸಿಗುವದೆಂದು ಹೇಳಲಾಗದು. ಅವನಿಗೆ ಗೊತ್ತಿದ್ದಷ್ಟನ್ನು ತಿಳಿಸಿ, ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿ, ದಾಸೋಹದ ಪಂಕ್ತಿಯಲ್ಲಿ ಅವನ ಎಡೆಯನ್ನು ಕಾಯ್ದಿಡುವದು ಹಿರಿಯರ ಕೆಲಸವು. ಕೇಳುವವನು ಇನ್ನೂ ಬಾಗಿಲಲ್ಲಿಯೇ ನಿಂತಿರುವನು.

ಶ್ರೀಗುರುವು ಕೇಳುವವರಿಗೆ ವಿನಯವನ್ನೂ ಹೇಳುವವರಿಗೆ ತಾಳ್ಮೆಯನ್ನೂ ಕರುಣಿಸಲಿ.

॥ ಮಂಗಲಮಸ್ತು ॥